ಕೆರೆಯೆಂಬ ಕಿರುಲೋಕ
(ಶ್ರೀಮಠದ ಸುವರ್ಣಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಶಾಸ್ತ್ರಪಂಡಿತನಲ್ಲ, ವಾಗ್ಮಿಯಂತೂ ಅಲ್ಲವೇ ಅಲ್ಲ. 32 ವರ್ಷ ಪಾಠಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನವನ್ನು ಹೇಳಿಕೊಟ್ಟು ನಿವೃತ್ತನಾದ ಒಬ್ಬ ಉಪಾಧ್ಯಾಯನು. ನಿನ್ನೆ ಈ ವೇದಿಕೆಯಿಂದ ತತ್ತ್ವಾನುಭಾವಗಳ ವಿಷಯದಲ್ಲಿ ಘನವಾದ ಉಪನ್ಯಾಸಗಳನ್ನು ಕೇಳಿದ ತಮಗೆ, ಇಂದು ಪಾಚಿ, ಕೆಸರು, ಮೀನು, ಕಪ್ಪೆಗಳ ಮಾತನ್ನು ಹೇಳಲು ನಿಂತಿರುವುದು ನನಗೇ ಸಂಕೋಚವನ್ನುಂಟುಮಾಡಿದೆ. ಆದರೆ "ನಮ್ಮ ಕೆರೆಯ ವಿಷಯವನ್ನೇ ಹೇಳಿರಿ, ಮೇಷ್ಟ್ರೇ" ಎಂದು ಶ್ರೀಗಳವರು ಅಪ್ಪಣೆ ಕೊಡಿಸಿದರು. ಅದಕ್ಕೆ ಕಾರಣವೂ ಉಂಟು. ಮಹೋತ್ಸವದ ನೆನಪಿಗಾಗಿ ಕೆರೆಯ ಸುತ್ತಲೂ ಕಲ್ಲಿನ ಸೋಪಾನಗಳನ್ನು ಕಟ್ಟಿಸಿ, ಬಡಗಣ ಅಂಚಿನ ಆಪು-ಜೊಂಡುಗಳನ್ನೆಲ್ಲ ಕಿತ್ತು ಶುಭ್ರಗೊಳಿಸಬೇಕೆಂದು ಕೆಲವು ಮಂದಿ ಭಕ್ತರು ಧನಸಂಗ್ರಹಕ್ಕೆ ತೊಡಗಿದ್ದಾರೆ. ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಯೋಜನೆಯಲ್ಲಿ ಮಾತ್ರ ಸಂಶಯವಿದೆ. ಆ ಸಂಶಯ ಏತಕ್ಕೆಂಬುದನ್ನು ಹೇಳಬೇಕಾದರೆ, ತಮ್ಮಲ್ಲಿ ಅನೇಕರು ಮರೆಯಲು ಬಯಸುವ ಒಂದು ಸಂಗತಿಯನ್ನು ನಾನು ನೆನಪಿಗೆ ತರಲೇಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಜಾತ್ರೆ ಮುಗಿದ ನಾಲ್ಕನೆಯ ದಿನ, ಬೆಳಗಿನ ಜಾವದಲ್ಲಿ ಮಜ್ಜನಕ್ಕೆ ನೀರು ತರಲು ಹೋದ ಪರಿಚಾರಕರು ಕೆರೆಯಲ್ಲಿ ಒಂದು ವಿಚಿತ್ರವನ್ನು ಕಂಡರು. ಸಾವಿರಾರು ಮೀನುಗಳು ನೀರಿನ ಮೇಲಕ್ಕೆ ಬಂದು, ಬಾಯನ್ನು ತೆರೆತೆರೆದು ಮುಚ್ಚುತ್ತ, ಕೈಯಿಟ್ಟರೂ ಓಡದೆ ತೇಲುತ್ತಿದ್ದುವು. ಹೊತ್ತು ಮೂಡುವುದರೊಳಗೆ ಅವು ಹೊಟ್ಟೆ ಮೇಲಾಗಿ ಬಿದ್ದುವು. ಮಧ್ಯಾಹ್ನಕ್ಕೆ ದಡದಲ್ಲಿ ನಿಲ್ಲಲಾಗಲಿಲ್ಲ. ಯಾರೋ ವಿಷ ಹಾಕಿದರೆಂಬ ಮಾತು ಒಂದು ಗಳಿಗೆಯಲ್ಲಿ ಊರೆಲ್ಲ ಹಬ್ಬಿತು. ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆಯನ್ನು ಪಡೆದಿದ್ದ ಒಬ್ಬ ಬಡವನ ಮೇಲೆ ಎಲ್ಲರ ದೃಷ್ಟಿಯೂ ಬಿದ್ದಿತು. ಗುತ್ತಿಗೆ ಮುಗಿಯಲು ಎರಡು ತಿಂಗಳು ಉಳಿದಿದ್ದುದರಿಂದ, ಇದ್ದುದನ್ನೆಲ್ಲ ಒಮ್ಮೆಗೇ ಬಾಚಿಕೊಳ್ಳಲು ಹೀಗೆ ಮಾಡಿರಬೇಕೆಂದು ತರ್ಕ. ನಾನೂ ಆ ತರ್ಕವನ್ನು ನಂಬಿದೆನೆಂಬುದನ್ನು ಈ ಸನ್ನಿಧಾನದಲ್ಲಿ ಒಪ್ಪಿಕೊಳ್ಳುತ್ತೇನೆ.

ಅವನನ್ನು ಮಠದ ಪಡಸಾಲೆಗೆ ಕರೆತಂದರು. ಬಯ್ದವರು ಬಹಳ ಮಂದಿ, ಕೇಳಿದವರು ಶ್ರೀಗಳವರೊಬ್ಬರೇ. ಅವನು ಕೈಮುಗಿದು, "ಸತ್ತ ಮೀನನ್ನು ಕೊಳ್ಳುವವರು ಯಾರು, ಬುದ್ಧೀ? ವಿಷವೇ ಆಗಿದ್ದರೆ ಕೊರವಮೀನೂ ಸಾಯಬೇಕಾಗಿತ್ತು, ಕಪ್ಪೆಯೂ ಸಾಯಬೇಕಾಗಿತ್ತು. ಅವು ಬದುಕಿಯೇ ಇವೆ" ಎಂದನು. ಅಷ್ಟೇ ಅವನ ವಾದ. ಅಲ್ಲಿ ನಿಂತಿದ್ದ ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಕೊರವಮೀನು ಕಿವಿರುಗಳಿಂದ ಮಾತ್ರವಲ್ಲದೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನೂ ಕುಡಿದು ಬದುಕಬಲ್ಲ ಮೀನೆಂದು 32 ವರ್ಷ ಪಾಠ ಹೇಳಿದವನು ನಾನು. ಅದನ್ನು ಕಣ್ಣಾರೆ ಕಂಡು ಪ್ರಯೋಜನ ಪಡೆದವನು ಅಕ್ಷರ ಬಾರದ ಆ ಮನುಷ್ಯನು. ನೀರಿನೊಳಗಿನ ಉಸಿರನ್ನೇ ನಂಬಿದ ಮೀನು ಸತ್ತಿತು; ಹೊರಗಿನ ಗಾಳಿಯನ್ನು ಕುಡಿಯಬಲ್ಲವು ಉಳಿದುವು. ಎಂದಮೇಲೆ ಕೆರೆಗೆ ಬಿದ್ದುದು ವಿಷವಲ್ಲ. ಕೆರೆಯ ಉಸಿರೇ ತೀರಿಹೋಗಿತ್ತು.

ಆ ಉಸಿರನ್ನು ಅಳೆಯುವ ಬಗೆಯೊಂದುಂಟು. ಹಂಗೇರಿ ದೇಶದ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞನು 1888ರಲ್ಲಿ ಅದನ್ನು ಪ್ರಕಟಿಸಿದನು. ಗಾಳಿಗುಳ್ಳೆ ಸೇರದಂತೆ ಸೀಸೆಯಲ್ಲಿ ನೀರನ್ನು ತುಂಬಿ, ಮ್ಯಾಂಗನೀಸ್ ಲವಣವೊಂದನ್ನೂ ಕ್ಷಾರಯುಕ್ತವಾದ ಅಯೋಡೈಡ್ ದ್ರಾವಣವನ್ನೂ ಕೆಲವು ಹನಿ ಸೇರಿಸಿದರೆ, ನೀರಿನಲ್ಲಿ ಆಮ್ಲಜನಕವಿದ್ದ ಪಕ್ಷದಲ್ಲಿ ಕಂದುಬಣ್ಣದ ಗಸಿಯು ತಳಕ್ಕೆ ಇಳಿಯುವುದು. ಇಲ್ಲದ ಪಕ್ಷದಲ್ಲಿ ಗಸಿಯು ಬಿಳಿಯಾಗಿಯೇ ಉಳಿಯುವುದು. ಪಾಠಶಾಲೆಯಿಂದ ಸೀಸೆಗಳನ್ನು ತರಿಸಿ, ಮರುದಿನ ಐದು ಗಂಟೆಯ ಕತ್ತಲಲ್ಲಿ ಕೆರೆಯ ನೀರನ್ನು ತುಂಬಿ, ದೀಪದ ಬೆಳಕಿನಲ್ಲಿ ಹನಿ ಹಾಕಿದೆನು. ಗಸಿಯು ಸುಣ್ಣದಂತೆ ಬೆಳ್ಳಗಿತ್ತು. ಮಠದ ಬಾವಿಯ ನೀರನ್ನು ಎತ್ತರದಿಂದ ಸುರಿಸುರಿದು ಗಾಳಿಯಾಡಿಸಿ ಇನ್ನೊಂದು ಸೀಸೆಯಲ್ಲಿ ಅದನ್ನೇ ಮಾಡಿದೆನು, ಅದು ಕಂದಾಯಿತು. ಎರಡನ್ನೂ ಪಡಸಾಲೆಯಲ್ಲಿ ಎಲ್ಲರ ಮುಂದೆ ಇಟ್ಟಾಗ ಮಾತು ನಿಂತಿತು.

ಹಾಗಾದರೆ ಆ ಉಸಿರನ್ನು ತಿಂದವರು ಯಾರು? ಇದಕ್ಕೆ ಉತ್ತರ ಹೇಳಲು ಕೆರೆಯ ಸಂಸಾರವನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಜೀವಿಗಳಿಗೂ ಅವುಗಳ ನೆಲೆಗೂ ಇರುವ ಸಂಬಂಧವನ್ನು ವಿಚಾರಿಸುವ ಶಾಸ್ತ್ರಕ್ಕೆ ಜರ್ಮನಿಯ ಹೆಕೆಲ್ ಎಂಬಾತನು 1866ರಲ್ಲಿ ಹೆಸರಿಟ್ಟನು. ಅದರ ಮೂಲದಲ್ಲಿರುವ ಗ್ರೀಕ್ ಶಬ್ದಕ್ಕೆ 'ಮನೆ' ಎಂದೇ ಅರ್ಥ. 1887ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಫೋರ್ಬ್ಸ್ ಎಂಬ ವಿದ್ವಾಂಸನು ಸರೋವರವನ್ನು ಒಂದು ಕಿರುಲೋಕವೆಂದು ಕರೆದು ಪ್ರಬಂಧ ಬರೆದನು. ಒಂದು ಜಾತಿಯ ಮೀನನ್ನು ಅರಿಯಬೇಕಾದರೆ, ಅದು ತಿನ್ನುವುದನ್ನೂ, ಅದನ್ನು ತಿನ್ನುವುದನ್ನೂ, ಅದರೊಡನೆ ಅನ್ನಕ್ಕೆ ಸ್ಪರ್ಧಿಸುವುದನ್ನೂ ಅರಿಯದೆ ಗತಿಯಿಲ್ಲವೆಂಬುದು ಅವನ ಅಭಿಪ್ರಾಯದ ಸಾರ. ಆಮೇಲೆ 1935ರಲ್ಲಿ ಇಂಗ್ಲೆಂಡಿನ ಟ್ಯಾನ್ಸ್ಲಿ ಎಂಬವನು, ಜೀವಿಗಳನ್ನು ಮಾತ್ರವಲ್ಲದೆ ಮಣ್ಣು, ನೀರು, ಗಾಳಿ, ಬಿಸಿಲುಗಳನ್ನೂ ಕೂಡಿಸಿ ಒಂದೇ ವ್ಯವಸ್ಥೆಯೆಂದು ಎಣಿಸಬೇಕೆಂದು ಹೇಳಿ, ಈಗ ನಾವು 'ಪರಿಸರ ವ್ಯವಸ್ಥೆ' ಎನ್ನುವ ಪದವನ್ನು ಬಳಕೆಗೆ ತಂದನು. ಹೆಸರು ಹೊಸದು. ನಮ್ಮ ಒಕ್ಕಲಿಗರಿಗೆ ವಿಷಯವು ಅಷ್ಟು ಹೊಸದಲ್ಲ.

ಕೆರೆಯ ಈ ಮನೆಯಲ್ಲಿ ಅಡಿಗೆ ಮಾಡುವವರು ಹಸುರು ಗಿಡಗಳು. ದಡದ ಜೊಂಡು, ತಾವರೆ, ನೀರೊಳಗಿನ ಎಳೆಪಾಚಿ, ಕಣ್ಣಿಗೆ ಕಾಣದೆ ನೀರಿಗೆ ತಿಳಿಹಸುರು ಛಾಯೆಯನ್ನು ಕೊಡುವ ಸೂಕ್ಷ್ಮಪಾಚಿ - ಇವೆಲ್ಲ ಬಿಸಿಲನ್ನು ಹೀರಿ, ನೀರನ್ನೂ ಇಂಗಾಲಾಮ್ಲವಾಯುವನ್ನೂ ಕೂಡಿಸಿ ಅನ್ನವನ್ನು ಮಾಡುವುವು. ಹಾಗೆ ಮಾಡುವಾಗ ಹೊರಬೀಳುವುದೇ ಆಮ್ಲಜನಕ. ಈ ಅನ್ನವನ್ನು ಚುಕ್ಕೆಯಷ್ಟು ದೊಡ್ಡ ನೀರುಚಿಗಟಗಳೂ ಗೊದಮೊಟ್ಟೆಗಳೂ ತಿನ್ನುವುವು. ಅವನ್ನು ಸಣ್ಣಮೀನು, ಸಣ್ಣಮೀನನ್ನು ದೊಡ್ಡಮೀನು, ಎರಡನ್ನೂ ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆಗಳು. ಇದನ್ನು ಆಹಾರ ಸರಪಳಿ ಎನ್ನುವರು. ನಿಜಕ್ಕೂ ಇದು ಸರಪಳಿಯಲ್ಲ, ಬಲೆ. ಏಕೆಂದರೆ ಒಬ್ಬೊಬ್ಬನೂ ಹತ್ತಾರು ಕಡೆ ಕೈಯಿಕ್ಕುವನು. ಮೀನು ನಮ್ಮ ಪಂಕ್ತಿಯ ಪದಾರ್ಥವಲ್ಲವೆಂದು ತಾವು ಈ ಮಾತಿನಲ್ಲಿ ಉದಾಸೀನ ತಾಳಬಾರದು. ಸೊಳ್ಳೆಯ ಮರಿಗಳನ್ನು ನುಂಗುವವುಗಳಲ್ಲಿ ಮೀನೂ ಒಂದು.

ಈ ಮನೆಯ ಲೆಕ್ಕವನ್ನು ಮೊತ್ತಮೊದಲು ಬರೆದಿಟ್ಟವರಲ್ಲಿ ಒಬ್ಬ ತರುಣನ ಕಥೆ ನನಗೆ ಬಹಳ ಪ್ರಿಯವಾದುದು. ಅಮೆರಿಕದ ಮಿನೆಸೋಟ ಪ್ರಾಂತದ ರೇಮಂಡ್ ಲಿಂಡೆಮನ್ ಎಂಬಾತನು ಸೀಡರ್ ಬಾಗ್ ಎಂಬ ಒಂದು ಸಾಮಾನ್ಯವಾದ ಕೊಳವನ್ನು ವರ್ಷಗಟ್ಟಲೆ ಕಾದು, ಬಿದ್ದ ಬಿಸಿಲೆಷ್ಟು, ಬೆಳೆದ ಹಸುರೆಷ್ಟು, ಹಸುರನ್ನು ತಿಂದವರು ಕೂಡಿಸಿದ್ದೆಷ್ಟು ಎಂದು ಅಳೆದನು. ಕೊಳದ ಮೇಲೆ ಬಿದ್ದ ಬೆಳಕಿನ ಬಲದಲ್ಲಿ ಸಾವಿರಕ್ಕೆ ಸುಮಾರು ಒಂದು ಪಾಲು ಮಾತ್ರ ಹಸುರಿನಲ್ಲಿ ಉಳಿಯಿತೆಂದು ಅವನಿಗೆ ಕಂಡಿತು. ಅವನ ಪ್ರಬಂಧವು ಅತಿಯಾಗಿ ಊಹೆಯನ್ನೇ ನೆಚ್ಚಿದೆಯೆಂದು ಪರೀಕ್ಷಕರು ಮೊದಲು ತಿರಸ್ಕರಿಸಿದರು. ಹಚಿನ್ಸನ್ ಎಂಬ ಹಿರಿಯ ವಿದ್ವಾಂಸನು ಅದರ ಪರವಾಗಿ ನಿಂತನು. 1942ರಲ್ಲಿ ಅದು ಅಚ್ಚಾಗಿ ಹೊರಬರುವುದಕ್ಕೆ ಕೆಲವು ತಿಂಗಳ ಮೊದಲೇ, 27 ವರ್ಷ ತುಂಬುವುದರೊಳಗೆ, ಲಿಂಡೆಮನ್ ತೀರಿಕೊಂಡನು. ಇಂದು ಈ ಶಾಸ್ತ್ರವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅವನು ತೋರಿದ ದಾರಿಯಲ್ಲಿಯೇ ನಡೆಯುವನು.

ಅವನ ಲೆಕ್ಕದಿಂದ ಹೊರಟ ಸ್ಥೂಲವಾದ ನಿಯಮವಿದು: ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹೋಗುವಾಗ ಬಲದ ಹತ್ತರಲ್ಲೊಂದು ಪಾಲಿನಷ್ಟೇ ದಾಟುವುದು, ಉಳಿದುದು ಉಸಿರಾಟದಲ್ಲಿಯೂ ಓಡಾಟದಲ್ಲಿಯೂ ಶಾಖವಾಗಿ ಹೋಗುವುದು. ಎಲ್ಲೆಲ್ಲಿಯೂ ಸರಿಯಾಗಿ ಹತ್ತೇ ಎಂದಲ್ಲ, ಹೆಚ್ಚುಕಡಿಮೆಯುಂಟು. ಸಾವಿರ ಸೇರು ಪಾಚಿಯಿಂದ ನೂರು ಸೇರು ಹುಳು, ಅದರಿಂದ ಹತ್ತು ಸೇರು ಸಣ್ಣಮೀನು, ಅದರಿಂದ ಒಂದು ಸೇರು ಕೊಕ್ಕರೆ. ಆದುದರಿಂದಲೇ ಕೆರೆಯಲ್ಲಿ ಹುಳುಗಳು ಲಕ್ಷ, ಕೊಕ್ಕರೆಗಳು ಹತ್ತಿಪ್ಪತ್ತು. ಶಾಖವಾಗಿ ಹೋದ ಬಲವು ಮರಳಿ ಬಾರದು. ಸೂರ್ಯನು ದಿನದಿನವೂ ಹೊಸದಾಗಿ ಕೊಡಬೇಕು.

ಬಲದ ಗತಿ ಹೀಗಾದರೆ, ಸತ್ತ್ವದ ಗತಿ ಬೇರೆ. ಸಾರಜನಕ, ರಂಜಕ ಮೊದಲಾದ ಸತ್ತ್ವಗಳು ಹೋಗಿಬಿಡುವುದಿಲ್ಲ, ಸುತ್ತುತ್ತಿರುವುವು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡಕ್ಕೆ ಅದು ನೇರವಾಗಿ ದಕ್ಕದು. ಕಡಲೆ, ತೊಗರಿ, ಹೆಸರುಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳೂ ನೀರಿನಲ್ಲಿಯ ಕೆಲವು ನೀಲಹಸುರು ಪಾಚಿಗಳೂ ಅದನ್ನು ಹಿಡಿದುಕೊಡಬೇಕು. ರಂಜಕಕ್ಕೆ ಗಾಳಿಯಲ್ಲಿ ಉಗ್ರಾಣವಿಲ್ಲ. ಕಲ್ಲು ಸವೆದು, ಮಳೆಯೊಡನೆ ಹರಿದು, ಕೆರೆಯ ಗೋಡಿನಲ್ಲಿ ನಿಲ್ಲುವುದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ನಮ್ಮ ಅಜ್ಜಂದಿರು ಗೋಡುಮಣ್ಣನ್ನು ಚಕ್ಕಡಿಗಳಲ್ಲಿ ಹೊಲಕ್ಕೆ ಹೇರುತ್ತಿದ್ದುದು ಹೂಳು ತೆಗೆಯುವುದಕ್ಕಾಗಿ ಮಾತ್ರವಲ್ಲ. ಹೊಲದಿಂದ ಕೊಚ್ಚಿಹೋದ ಸತ್ತ್ವವನ್ನು ಹೊಲಕ್ಕೇ ತಿರುಗಿ ಒಪ್ಪಿಸುವ ಕೆಲಸವದು. ಹಕ್ಕಿಗಳೂ ಇದರಲ್ಲಿ ಪಾಲುಗಾರರು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆಮರಗಳಲ್ಲಿಯೇ ಗೂಡುಕಟ್ಟುವುವು. ಕೆರೆಹೊಳೆಗಳ ಮೀನು ಅವುಗಳ ಹಿಕ್ಕೆಯಾಗಿ ಮರದಡಿಗೆ ಬೀಳುವುದು, ಊರವರು ಅದನ್ನು ಗೊಬ್ಬರವಾಗಿ ಬಳಸುವರು.

ಈ ಸುತ್ತಾಟವನ್ನು ನಡೆಯಿಸುವವರು ಕೊಳೆಯಿಸುವ ಜೀವಿಗಳು. ಬೂಷ್ಟು, ಸೂಕ್ಷ್ಮಾಣು, ಹುಳುಹುಪ್ಪಟೆ. ಸತ್ತುದನ್ನೂ ಬಿದ್ದುದನ್ನೂ ಒಡೆದು ಸತ್ತ್ವವನ್ನು ಬಿಡಿಸಿ ಮತ್ತೆ ಹಸುರಿಗೆ ಉಣಿಸುವವರು ಇವರೇ. ಮನೆಯಲ್ಲಿ ಮುಸುರೆ ತೊಳೆಯುವವರನ್ನು ಯಾರೂ ಹೊಗಳುವುದಿಲ್ಲ; ಒಂದು ದಿನ ಅವರು ಬಾರದಿದ್ದರೆ ಗೊತ್ತಾಗುವುದು. ಆದರೆ ಈ ಕೆಲಸಗಾರರೂ ಉಸಿರಾಡಬೇಕಷ್ಟೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿದ್ದರೆ, ನಮ್ಮ ಸೀಮೆಯ ಬೆಚ್ಚನೆಯ ನೀರಿನಲ್ಲಿ ಒಂದು ಲೀಟರಿಗೆ 7-8 ಮಿಲಿಗ್ರಾಂ ಕರಗಿದರೆ ಹೆಚ್ಚು. ನೀರು ಬೆಚ್ಚಗಾದಷ್ಟೂ ಅದೂ ಕಡಿಮೆ. ಹಗಲೆಲ್ಲ ಪಾಚಿಯು ಆಮ್ಲಜನಕವನ್ನು ತುಂಬುವುದು. ರಾತ್ರಿ ಪಾಚಿಯೂ ಮೀನೂ ಸೂಕ್ಷ್ಮಾಣುವೂ ಎಲ್ಲರೂ ಸೇರಿ ಅದನ್ನು ಖರ್ಚುಮಾಡುವರು, ತುಂಬುವವರು ಯಾರೂ ಇಲ್ಲ. ಆದಕಾರಣ ಕೆರೆಯ ಬೊಕ್ಕಸವು ಅತ್ಯಂತ ಬರಿದಾಗಿರುವ ಹೊತ್ತು ಯಾವುದೆಂದರೆ ಸೂರ್ಯೋದಯಕ್ಕೆ ಮುಂಚಿನ ಗಳಿಗೆ.

ಈಗ ಆ ಜಾತ್ರೆಯ ಮಾತಿಗೆ ಬರೋಣ. ಐದು ದಿನಗಳ ದಾಸೋಹದಲ್ಲಿ ಉಂಡವರೆಷ್ಟೋ ಸಾವಿರ. ಎಂಜಲು, ಗಂಜಿ, ಹಳಸಿದ ಸಾರು, ಕೊಪ್ಪರಿಗೆ ತೊಳೆದ ಮುಸುರೆ, ಪತ್ರಾವಳಿ - ಇವೆಲ್ಲ ಹಿಂಬದಿಯ ಕಾಲುವೆಯಿಂದ ಕೆರೆಯ ಮೂಲೆಗೆ ಇಳಿದುವು. ಸೂಕ್ಷ್ಮಾಣುಗಳಿಗೆ ಅದು ಮಹಾಸಂತರ್ಪಣೆ! ಕೆಲವು ಗಂಟೆಗಳಿಗೊಮ್ಮೆ ಇಮ್ಮಡಿಸುತ್ತ ಅವು ಕೊಳೆಯಿಸತೊಡಗಿದುವು; ಕೊಳೆಯಿಸಿದಷ್ಟೂ ಆಮ್ಲಜನಕವನ್ನು ಹೀರಿದುವು. ಅದರ ಮೇಲೆ ಮೂರು ದಿನ ಮೋಡ ಕವಿದು ಬಿಸಿಲೇ ಬೀಳಲಿಲ್ಲ. ಪಾಚಿಯ ಕೈ ನಿಂತಿತು. ಗಾಳಿಯೂ ಬೀಸಲಿಲ್ಲ. ನಾಲ್ಕನೆಯ ಬೆಳಗ್ಗೆ ಬೊಕ್ಕಸ ಬರಿದು. ಗುತ್ತಿಗೆದಾರನು ಹಾಕದ ವಿಷವನ್ನು ಹಾಕಿದವರು ನಾವೇ; ಹಾಕಿದ್ದು ವಿಷವಲ್ಲ, ಅನ್ನ. ಶ್ರೀಗಳವರು ಆ ದಿನವೇ ಅವನನ್ನು ಕರೆಯಿಸಿ ಎಲ್ಲರ ಎದುರಿಗೆ, "ತಪ್ಪು ನಮ್ಮದು" ಎಂದರು. ಆ ವರ್ಷದ ಗುತ್ತಿಗೆಯ ಹಣವನ್ನೂ ಹಿಂದಕ್ಕೆ ಕೊಡಿಸಿದರು. ಮುಸುರೆಯ ಕಾಲುವೆಯು ಅಂದಿನಿಂದ ಮಠದ ತೆಂಗಿನ ತೋಟದ ಗುಂಡಿಗೆ ತಿರುಗಿತು. ತೋಟದ ಫಲವನ್ನು ತಾವೇ ಪ್ರಸಾದದಲ್ಲಿ ಕಾಣುತ್ತಿರುವಿರಿ.

ಅನ್ನ ಹೆಚ್ಚಾಗಿ ಕೆರೆ ಸಾಯುವುದು ನಮ್ಮೂರಿನ ವಿಶೇಷವೇನೂ ಅಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಪಟ್ಟಣದ ಕೊಚ್ಚೆನೀರು ವರ್ಷಗಟ್ಟಲೆ ಹರಿದು, ಬಟ್ಟೆ ತೊಳೆಯುವ ಪುಡಿಗಳ ಅಂಶವೂ ಸೇರಿ, 2015ರಲ್ಲಿ ನೊರೆಯು ರಸ್ತೆಗೆ ಹಾರಿದುದನ್ನೂ, ನೊರೆಗೆ ಬೆಂಕಿ ಹತ್ತಿದುದನ್ನೂ, 2017 ಮತ್ತು 2018ರಲ್ಲಿ ಕೆರೆಯಂಗಳವೇ ಮತ್ತೆ ಹೊತ್ತಿದುದನ್ನೂ ತಾವು ಪತ್ರಿಕೆಗಳಲ್ಲಿ ಓದಿರುವಿರಿ. ನೀರು ಉರಿಯಿತೆಂಬ ಮಾತನ್ನು ನಮ್ಮ ಹಿರಿಯರು ಒಡಪಿನಲ್ಲಿ ಮಾತ್ರ ಕೇಳಿದ್ದರು. ಅತ್ತ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡಿರಿ. ಅದೂ ಹೊಲಕ್ಕೆ ನೀರುಣಿಸಲು ಮನುಷ್ಯನು ಕಟ್ಟಿದ ಕೆರೆಯೇ. ಸುಮಾರು 50 ಹೆಕ್ಟೇರು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಅಲ್ಲಿ ತಂಗುವುವು. 2024ರ ಜನವರಿಯಲ್ಲಿ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ರಾಮ್‌ಸರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದುವು. ಅಂಕಸಮುದ್ರವೂ ಊರಕೆರೆಯೇ; ಅದರೊಳಗೆ ನಿಂತಿರುವ ಜಾಲಿಯ ಮರಗಳೇ ಹಕ್ಕಿಗಳಿಗೆ ತೊಟ್ಟಿಲು. ಅಂದಗೆಡಿಸುವುವೆಂದು ಆ ಮುಳ್ಳುಮರಗಳನ್ನು ಯಾರಾದರೂ ಕಡಿಸಿದ್ದರೆ ಪಟ್ಟಿಗೆ ಸೇರಲು ಏನು ಉಳಿಯುತ್ತಿತ್ತು?

ಈಗ ನಮ್ಮ ಆಪು-ಜೊಂಡುಗಳ ವಿಚಾರ. ಬಡಗಣ ಅಂಚು ತಗ್ಗುನೀರು. ಬಿಸಿಲು ತಳದವರೆಗೆ ಇಳಿಯುವುದು. ಮೀನಿನ ಮರಿಗಳೂ ಗೊದಮೊಟ್ಟೆಗಳೂ ದೊಡ್ಡಮೀನಿನ ಬಾಯಿಗೆ ಸಿಕ್ಕದೆ ಬೆಳೆಯುವುದು ಆ ಜೊಂಡಿನ ಕಾಲುಗಳ ನಡುವೆ. ಹೊಲದಿಂದ ಮಳೆನೀರು ತರುವ ಮಣ್ಣನ್ನು ತಡೆಯುವುದೂ, ಗೊಬ್ಬರದ ಸತ್ತ್ವವನ್ನು ಮೊದಲು ಹೀರಿಕೊಳ್ಳುವುದೂ ಅದೇ. ಕಲ್ಲಿನ ಸೋಪಾನವು ನೇರವಾಗಿ ಆಳಕ್ಕೆ ಇಳಿದರೆ ಈ ತಗ್ಗುನೀರು ಇಲ್ಲವಾಗುವುದು. ಹೀರುವವರಿಲ್ಲದ ಸತ್ತ್ವವನ್ನೆಲ್ಲ ತೇಲುವ ಪಾಚಿ ತಿನ್ನುವುದು. ಪಾಚಿ ಕೊಬ್ಬಿ ಸತ್ತು ಕೊಳೆತರೆ ಮತ್ತೆ ಆ ಬೆಳಗಿನ ಜಾವವೇ.

ಜೊಂಡು ಸೊಳ್ಳೆಗಳ ಮನೆಯೆಂಬ ಆಕ್ಷೇಪವನ್ನು ನಾನು ಸುಳ್ಳೆಂದು ತಳ್ಳಿಹಾಕಲಾರೆ. ಮೀನು ನುಗ್ಗಲಾರದಷ್ಟು ದಟ್ಟವಾಗಿ ಬೆಳೆದಲ್ಲಿ, ಕೆರೆಯಿಂದ ಬೇರ್ಪಟ್ಟ ಗುಂಡಿಗಳಲ್ಲಿ, ಸೊಳ್ಳೆ ಮೊಟ್ಟೆಯಿಡುವುದು ನಿಜ. ಅದಕ್ಕೆ ಬೇರು ಕೀಳುವುದು ಮದ್ದಲ್ಲ, ಕಟಾವು ಮದ್ದು. ವರ್ಷಕ್ಕೊಮ್ಮೆ ಆಪನ್ನು ಕೊಯ್ದು ಹೊರಗೆ ಸಾಗಿಸಿದರೆ, ಅದು ಹೀರಿದ ಸತ್ತ್ವವೂ ಕೆರೆಯಿಂದ ಹೊರಹೋಗುವುದು. ಕೊಯ್ಯದೆ ಬಿಟ್ಟರೆ ಅಲ್ಲಿಯೇ ಕೊಳೆತು ನೀರಿಗೇ ಮರಳುವುದು. ಹಿಂದೆ ಚಾಪೆ ಹೆಣೆಯುವವರು ಬಂದು ಕೊಯ್ದುಕೊಂಡು ಹೋಗುತ್ತಿದ್ದರು. ಪ್ಲಾಸ್ಟಿಕ್ ಚಾಪೆ ಬಂದಮೇಲೆ ಅವರು ಬರುವುದು ನಿಂತಿತು, ಆಪು ದಟ್ಟವಾಯಿತು. ಕಪ್ಪೆಯ ವಿಷಯದಲ್ಲಿಯೂ ನಾವು ಹೀಗೆಯೇ ಒಮ್ಮೆ ಎಡವಿದ್ದೆವು. ಕಪ್ಪೆಯ ಕಾಲುಗಳನ್ನು ಪರದೇಶಗಳಿಗೆ ಮಾರುವ ವ್ಯಾಪಾರವು ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಗದ್ದೆಯ ಕೀಟಗಳನ್ನು ತಿನ್ನುವ ಜೀವಿಯನ್ನು ಮಾರಿ ಕೀಟನಾಶಕವನ್ನು ಕೊಳ್ಳುವುದು ಯಾವ ಲಾಭವೆಂಬ ಕೂಗೆದ್ದು, 1987ರಲ್ಲಿ ಸರ್ಕಾರವು ಆ ರಫ್ತನ್ನು ನಿಷೇಧಿಸಿತು.

ಆದುದರಿಂದ ನನ್ನ ಬಿನ್ನಹವಿಷ್ಟು. ಸೋಪಾನ ಬೇಡವೆನ್ನಲಾರೆ. ಸ್ನಾನಘಟ್ಟವಿರುವ ಮೂಡಣ ದಿಕ್ಕಿನಲ್ಲಿ, ಮಠದ ಎದುರಿಗೆ, ಭಕ್ತರು ಇಳಿಯುವಷ್ಟು ಅಗಲದಲ್ಲಿ ಕಟ್ಟಿಸಬಹುದು. ಬಡಗಣ ಮತ್ತು ಪಡುವಣ ಅಂಚುಗಳನ್ನು ಇದ್ದಂತೆಯೇ ಬಿಡಬೇಕು. ಉಳಿಯುವ ಹಣದಲ್ಲಿ ಗೋಡುಮಣ್ಣನ್ನು ತೆಗೆಯಿಸಿ ಬಡ ಒಕ್ಕಲುಗಳ ಹೊಲಗಳಿಗೆ ಹೇರಿಸಿದರೆ ಅದೂ ಮಹೋತ್ಸವದ ಸೇವೆಯೇ. ಸೋಪಾನಕ್ಕೆ ವಾಗ್ದಾನ ಮಾಡಿದ ಭಕ್ತರಲ್ಲಿ ಇಬ್ಬರು ನಿನ್ನೆ ರಾತ್ರಿ ನನ್ನ ಮನೆಗೆ ಬಂದು, "ಕೆಸರಿನಲ್ಲಿ ಹೆಸರು ಕೆತ್ತಿಸುವುದು ಹೇಗೆ, ಮೇಷ್ಟ್ರೇ?" ಎಂದು ನಕ್ಕರು. ನನಗೆ ಉತ್ತರ ತೋಚಲಿಲ್ಲ, ಶ್ರೀಗಳವರು ಹೇಳಬೇಕು.

ನಾನು ಹೇಳಿದುದನ್ನು ಕಿವಿಯಿಂದ ಮಾತ್ರ ನಂಬಬೇಕಾಗಿಲ್ಲ. ಇಂದಿಗೂ ಜಾತ್ರೆ ಮುಗಿದು ಮೂರು ದಿನವಾಗಿದೆ. ಈ ಸಲ ಮುಸುರೆ ತೋಟಕ್ಕೆ ಹೋಗಿದೆ. ನಾಳೆ ಬೆಳಗಿನ ಜಾವ ಐದು ಗಂಟೆಗೆ ತೂಬಿನ ಬಳಿ ನಾನು ನಾಲ್ಕು ಸೀಸೆಗಳನ್ನಿಟ್ಟುಕೊಂಡು ಕಾದಿರುತ್ತೇನೆ. ಎರಡರಲ್ಲಿ ಜೊಂಡಿನ ಅಂಚಿನ ನೀರು, ಎರಡರಲ್ಲಿ ನಡುಗೆರೆಯ ನೀರು. ದೋಣಿಯನ್ನು ನಡೆಯಿಸಲು ಆ ಗುತ್ತಿಗೆದಾರನೇ ಒಪ್ಪಿಕೊಂಡಿದ್ದಾನೆ. ಗಸಿಯ ಬಣ್ಣವನ್ನು ನೋಡಬೇಕೆನ್ನುವವರು ದಯಮಾಡಿಸಬೇಕು. ಮಕ್ಕಳನ್ನು ಕರೆತಂದರೆ ಮತ್ತಷ್ಟು ಸಂತೋಷ.